ಎರಡು ವರ್ಷ ಮುಟ್ಟದೆ ಇಟ್ಟ ತುರ್ತು ಪೆಟ್ಟಿಗೆ

ಪ್ರಶ್ನೆ: ನಮ್ಮದು ಐದು ಜನರ ಮನೆ. ನಾನು, ನನ್ನ ಗಂಡ, ಏಳು ವರ್ಷದ ಮಗಳು, ಎಂಟು ತಿಂಗಳ ಮಗು, ಜೊತೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ. ಎರಡು ವರ್ಷದ ಹಿಂದೆ ಯಾವುದೋ ಪಟ್ಟಿ ನೋಡಿ ಒಂದು ತುರ್ತು ಪೆಟ್ಟಿಗೆ ಮಾಡಿ ಅಟ್ಟದ ಮೇಲೆ ಇಟ್ಟಿದ್ದೆ. ಕಳೆದ ತಿಂಗಳು ಬಿರುಗಾಳಿಗೆ ಎರಡು ದಿನ ಕರೆಂಟ್ ಹೋಯಿತು. ಪೆಟ್ಟಿಗೆ ಇಳಿಸಿ ನೋಡಿದರೆ ಟಾರ್ಚಿನೊಳಗೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಮಾತ್ರೆಗಳ ಅವಧಿ ಮುಗಿದಿತ್ತು. ಬಿಸ್ಕತ್ತು ಮುಗ್ಗಲು ಹಿಡಿದಿತ್ತು. ರೆಡಿಮೇಡ್ ಕಿಟ್ ತಂದುಬಿಡೋಣ ಅಂತ ಗಂಡ ಹೇಳುತ್ತಿದ್ದಾರೆ. ತರಬಹುದಾ? ಬೇಡ ಅಂದರೆ ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡು ದಿನ ಕರೆಂಟ್ ಇಲ್ಲದೆ ಒಂದು ಕೈಗೂಸನ್ನೂ ಇನ್ಸುಲಿನ್ ಬೇಕಾದ ಹಿರಿಯರನ್ನೂ ನೋಡಿಕೊಂಡಿದ್ದೀರಿ. ಅದು ಸಣ್ಣ ಕೆಲಸವಲ್ಲ. ಪೆಟ್ಟಿಗೆ ಹಾಳಾಗಿತ್ತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಪ್ರಥಮ ಚಿಕಿತ್ಸೆ ಮತ್ತು ವಿಪತ್ತಿನ ತಯಾರಿ ಹೇಳಿಕೊಡುವುದು ನನ್ನ ಕೆಲಸ. ನಾನು ತೆರೆಸಿ ನೋಡಿದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ನಿಮ್ಮದರ ಹಾಗೇ ಇದ್ದವು.

ನಿಮ್ಮ ಪತ್ರದಲ್ಲಿ ಒಂದು ವಿಷಯ ನೀವೇ ಗಮನಿಸಿಲ್ಲ ಅನಿಸುತ್ತದೆ. ಆ ಪೆಟ್ಟಿಗೆ ಮಾಡಿದಾಗ ನಿಮ್ಮ ಮಗು ಹುಟ್ಟೇ ಇರಲಿಲ್ಲ. ಸೆಲ್ ಸೋರದೆ ಇದ್ದಿದ್ದರೂ, ಮಾತ್ರೆಯ ಅವಧಿ ಮುಗಿಯದೆ ಇದ್ದಿದ್ದರೂ, ಅದರಲ್ಲಿ ಮಗುವಿಗೆ ಬೇಕಾದದ್ದು ಏನೂ ಇರುತ್ತಿರಲಿಲ್ಲ. ಮನೆ ಬದಲಾಗುತ್ತಾ ಹೋಗುತ್ತದೆ, ಅಟ್ಟದ ಮೇಲಿನ ಪೆಟ್ಟಿಗೆ ಹಾಗೇ ಇರುತ್ತದೆ. ರೆಡಿಮೇಡ್ ಕಿಟ್ ತಂದರೂ ಎರಡು ವರ್ಷದ ನಂತರ ಇದೇ ಪ್ರಶ್ನೆ ಬರುತ್ತದೆ. ಅದರಲ್ಲಿ ಒಂದು ಸಣ್ಣ ಟಾರ್ಚ್, ತೆಳು ಹೊದಿಕೆ, ಒಂದಷ್ಟು ಬ್ಯಾಂಡೇಜ್ ಇರುತ್ತವೆ. ನಿಮ್ಮ ಅತ್ತೆಯವರ ಇನ್ಸುಲಿನ್ ಸೂಜಿ ಇರುವುದಿಲ್ಲ. ಮಗುವಿನ ಅಳತೆಯ ಡಯಾಪರ್ ಇರುವುದಿಲ್ಲ. ಐದು ಜನಕ್ಕೆ ಸಾಕಾಗುವ ನೀರಂತೂ ಇರಲು ಸಾಧ್ಯವೇ ಇಲ್ಲ. ತರಲೇಬೇಕು ಅಂದರೆ ತನ್ನಿ, ಆದರೆ ಅದನ್ನು ತಂದ ದಿನ ಕೆಲಸ ಶುರುವಾಯಿತು ಅಂದುಕೊಳ್ಳಿ.

ನಾನು ಎಲ್ಲರಿಗೂ ಹೇಳುವುದು ಇಷ್ಟು: ವಸ್ತುಗಳ ಪಟ್ಟಿಯನ್ನು ಪಕ್ಕಕ್ಕಿಡಿ. ನಿಮ್ಮ ಮನೆಯಲ್ಲಿ ಯಾರು ಕಾಯಲಾರರೋ ಅವರಿಂದ ಶುರು ಮಾಡಿ. ನೀವು, ನಿಮ್ಮ ಗಂಡ ಒಂದು ದಿನ ಊಟವಿಲ್ಲದೆ ಇರಬಲ್ಲಿರಿ. ಕತ್ತಲಲ್ಲಿ ಕೂರಬಲ್ಲಿರಿ. ಅತ್ತೆಯವರು ಇನ್ಸುಲಿನ್ ಇಲ್ಲದೆ ಇರಲಾಗದು. ಮಗು ಹಾಲು, ನೀರು ಇಲ್ಲದೆ ಇರಲಾಗದು. ಇವರಿಬ್ಬರದು ಮೊದಲು, ಉಳಿದದ್ದು ಆಮೇಲೆ.

ಅತ್ತೆಯವರದೇ ಮೊದಲು ನೋಡೋಣ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು ಅಂತ ನಿಮಗೆ ಗೊತ್ತೇ ಇರುತ್ತದೆ. ಕರೆಂಟ್ ಹೋದ ತಕ್ಷಣ ಅದು ಕೆಟ್ಟಿತು ಅಂತ ಜನ ಗಾಬರಿಯಾಗುತ್ತಾರೆ. ಹಾಗಿಲ್ಲ. ಬಹುತೇಕ ಇನ್ಸುಲಿನ್‌ಗಳು 30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಲಸ ಮಾಡುತ್ತವೆ. ನಿಮ್ಮ ಇನ್ಸುಲಿನ್‌ಗೆ ಸರಿಯಾಗಿ ಎಷ್ಟು ದಿನ ಅನ್ನುವುದು ಅದರ ಡಬ್ಬದೊಳಗಿನ ಚೀಟಿಯಲ್ಲಿ ಇರುತ್ತದೆ. ಆ ಚೀಟಿಯನ್ನು ಎಸೆಯಬೇಡಿ. ಜಾಸ್ತಿ ಅಪಾಯ ಇರುವುದು ಎರಡು ಕಡೆ: ನೇರ ಬಿಸಿಲು ಮತ್ತು ಮಂಜುಗಡ್ಡೆ. ತಂಪಾಗಿರಲಿ ಅಂತ ಐಸ್ ಮೇಲೆ ನೇರವಾಗಿ ಇಟ್ಟು ಇನ್ಸುಲಿನ್ ಹೆಪ್ಪುಗಟ್ಟಿದರೆ ಅದನ್ನು ಮತ್ತೆ ಬಳಸುವ ಹಾಗಿಲ್ಲ. ಕರಗಿದ ಮೇಲೆ ನೋಡಲು ಚೆನ್ನಾಗೇ ಇದ್ದರೂ ಬಳಸಬಾರದು. ಹಾಗಾಗಿ ಬಟ್ಟೆಯಲ್ಲಿ ಸುತ್ತಿ, ಐಸಿಗೆ ತಾಗದಂತೆ ಇಡಿ. ಐಸ್ ಇಲ್ಲದಿದ್ದರೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ಗಾಳಿಯಾಡುವ ನೆರಳಿನಲ್ಲಿ ಇಡಬಹುದು. ಒಳಗೆ ನೀರು ತಾಗದಂತೆ ಒಂದು ಡಬ್ಬಿ ಇರಲಿ. ನೀರು ಆರುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ತೇವದ ಹವೆಯಲ್ಲಿ ಅಷ್ಟಿಲ್ಲ.

ಇನ್ಸುಲಿನ್ ನೆನಪಿಟ್ಟುಕೊಂಡವರು ಅದರ ಸಂಗಾತಿಗಳನ್ನು ಮರೆಯುತ್ತಾರೆ. ಸೂಜಿ, ಸಕ್ಕರೆ ನೋಡುವ ಮೀಟರ್, ಅದರ ಸ್ಟ್ರಿಪ್, ಮೀಟರಿಗೆ ಹಾಕುವ ಸಣ್ಣ ಸೆಲ್. ಸ್ಟ್ರಿಪ್ ಖಾಲಿಯಾದರೆ ಕಣ್ಣು ಕಟ್ಟಿದ ಹಾಗೆ. ಊಟ ಸರಿಯಾಗಿ ಆಗದ ದಿನಗಳಲ್ಲಿ ಸಕ್ಕರೆ ಅಂಶ ತಟ್ಟನೆ ಇಳಿಯಬಹುದು. ಮೈ ನಡುಗುವುದು, ಬೆವರುವುದು, ಮಾತು ತಡವರಿಸುವುದು ಅದರ ಗುರುತು. ಅದಕ್ಕೆ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಕೈಗೆ ಸಿಗುವಲ್ಲಿ ಇರಲಿ. ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಇದನ್ನು ನಿಮ್ಮ ಏಳು ವರ್ಷದ ಮಗಳಿಗೂ ಹೇಳಿಕೊಡಿ. ಅಜ್ಜಿ ಹೀಗಾದರೆ ಯಾರನ್ನು ಕರೆಯಬೇಕು, ಸಕ್ಕರೆ ಎಲ್ಲಿದೆ ಅಂತ ಅವಳಿಗೆ ಗೊತ್ತಿರಲಿ.

ವೈದ್ಯರ ಚೀಟಿಯ ನಕಲು ಇಡಿ. ಅದರಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು ಮತ್ತು ಪ್ರಮಾಣ ಇರಲೇಬೇಕು. ಬೇರೆ ಊರಿನಲ್ಲಿ, ಬೇರೆ ಔಷಧಿ ಅಂಗಡಿಯಲ್ಲಿ ಅದೇ ಕಂಪನಿಯ ಮಾಲು ಸಿಗದಿರಬಹುದು. ಮೂಲ ಹೆಸರು ಇದ್ದರೆ ಯಾವ ವೈದ್ಯರಿಗೂ ಅರ್ಥವಾಗುತ್ತದೆ.

ನಿಮ್ಮ ಹಳೆ ಪೆಟ್ಟಿಗೆ ಸೋತದ್ದು ಇಲ್ಲೇ. ಔಷಧವನ್ನು ಅಟ್ಟದ ಪೆಟ್ಟಿಗೆಗೆ ಅಂತ ಬೇರೆ ಕೊಳ್ಳಬೇಡಿ. ದಿನವೂ ಬಳಸುವ ಔಷಧವನ್ನೇ ಒಂದೆರಡು ವಾರ ಮುಂದಾಗಿ ತಂದಿಡಿ. ಹೊಸದು ಬಂದಾಗ ಹಿಂದೆ ಇಡಿ, ಮುಂದಿರುವ ಹಳೆಯದನ್ನು ಬಳಸಿ. ಆಗ ಮನೆಯಲ್ಲಿ ಯಾವಾಗಲೂ ಎರಡು ವಾರದ ಔಷಧ ಇರುತ್ತದೆ, ಅವಧಿ ಮುಗಿಯುವ ಪ್ರಶ್ನೆಯೇ ಬರುವುದಿಲ್ಲ. ತಿನ್ನುವ ವಸ್ತು, ಡಯಾಪರ್, ಸೋಪು, ಪ್ಯಾಡ್, ಎಲ್ಲದಕ್ಕೂ ಇದೇ ದಾರಿ. ಬಳಸುತ್ತಿರುವ ವಸ್ತು ಹಾಳಾಗುವುದಿಲ್ಲ.

ಮಗುವಿನ ವಿಷಯ. ನೀವು ಎದೆಹಾಲು ಕೊಡುತ್ತಿದ್ದರೆ ಏನೇ ಆದರೂ ನಿಲ್ಲಿಸಬೇಡಿ. ಅದಕ್ಕಿಂತ ಶುದ್ಧವಾದ ಆಹಾರ ಆ ಹೊತ್ತಿನಲ್ಲಿ ಇನ್ನೊಂದಿಲ್ಲ. ಗಾಬರಿಗೆ ಹಾಲು ಬತ್ತಿಹೋಗುತ್ತದೆ ಅಂತ ಸುತ್ತಲಿನವರು ಹೇಳಬಹುದು. ಗಾಬರಿಯಲ್ಲಿ ಹಾಲು ಇಳಿಯುವುದು ಸ್ವಲ್ಪ ತಡವಾಗಬಹುದು, ಆದರೆ ಕುಡಿಸುತ್ತಲೇ ಇದ್ದರೆ ಬರುತ್ತದೆ. ನಿಮಗೆ ನೀರು ಜಾಸ್ತಿ ಬೇಕು, ಅದನ್ನು ಲೆಕ್ಕಕ್ಕೆ ಸೇರಿಸಿ. ಪುಡಿ ಹಾಲು ಕೊಡುತ್ತಿದ್ದರೆ ವಿಷಯ ಬೇರೆ. ಆ ಪುಡಿಯಲ್ಲಿ ಕೂಡ ರೋಗಾಣು ಇರಬಹುದು, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 70 ಡಿಗ್ರಿ ಬಿಸಿ ನೀರಿನಲ್ಲಿ ಕಲಸಿ, ಆಮೇಲೆ ಆರಿಸಿ ಕೊಡಿ ಅನ್ನುತ್ತದೆ. ಅಂದರೆ ನೀರು ಕಾಯಿಸಲು ಒಂದು ದಾರಿ ಇರಲೇಬೇಕು. ಅದು ಆಗದು ಅನಿಸಿದರೆ, ಕಲಸುವ ಕೆಲಸವೇ ಇಲ್ಲದ, ನೇರ ಕುಡಿಸುವ ದ್ರವ ರೂಪದ ಹಾಲು ಸಿಗುವಲ್ಲಿ ಅದನ್ನು ಒಂದಿಷ್ಟು ಇಟ್ಟುಕೊಳ್ಳಿ. ಬಾಟಲಿಯ ಬದಲು ಸಣ್ಣ ಲೋಟದಲ್ಲಿ ಕುಡಿಸುವುದನ್ನು ಈಗಲೇ ರೂಢಿ ಮಾಡಿ. ಬಾಟಲಿಯ ಮೂಲೆಗಳನ್ನು, ನಿಪ್ಪಲ್ ಅನ್ನು ನೀರಿಲ್ಲದಾಗ ತೊಳೆಯುವುದು ಕಷ್ಟ. ಲೋಟ ತೊಳೆಯುವುದು ಸುಲಭ.

ಇನ್ನು ನೀರು. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಅಂತ ಲೆಕ್ಕ. ಅರ್ಧದಷ್ಟು ಕುಡಿಯಲು, ಉಳಿದದ್ದು ಅಡುಗೆಗೆ ಮತ್ತು ಕೈ, ಬಾಯಿ ತೊಳೆಯಲು. ಮೂರು ದಿನಕ್ಕೆ ಐದು ಜನಕ್ಕೆ 60 ಲೀಟರ್. ಜಾಗ ಇದ್ದರೆ ಇದಕ್ಕಿಂತ ಜಾಸ್ತಿ ಇಡಿ, ಸೆಕೆಗಾಲದಲ್ಲಿ ಇಷ್ಟು ಸಾಲದು. 60 ಲೀಟರ್ ಅಂದರೆ 60 ಕಿಲೋ ತೂಕ. ಆದ್ದರಿಂದ ಒಂದೇ ದೊಡ್ಡ ಡ್ರಮ್‌ಗೆ ತುಂಬಬೇಡಿ. 5 ಲೀಟರ್, 10 ಲೀಟರ್ ಕ್ಯಾನುಗಳು ಒಳ್ಳೆಯದು. ಎತ್ತಿಕೊಂಡು ಮಹಡಿಗೂ ಹೋಗಬಹುದು, ಒಂದು ಒಡೆದರೆ ಉಳಿದವು ಇರುತ್ತವೆ.

ಹಾಲು ತುಂಬಿದ್ದ ಕ್ಯಾನನ್ನು ನೀರಿಗೆ ಬಳಸಬೇಡಿ. ಎಷ್ಟು ತೊಳೆದರೂ ಜಿಡ್ಡು ಉಳಿದು ರೋಗಾಣು ಬೆಳೆಯುತ್ತದೆ. ಪೆಟ್ರೋಲು, ಸೀಮೆಎಣ್ಣೆ, ಕೀಟನಾಶಕದ ಪಕ್ಕದಲ್ಲಿ ನೀರಿನ ಕ್ಯಾನ್ ಇಡಬೇಡಿ. ಅವುಗಳ ಆವಿ ತೆಳು ಪ್ಲಾಸ್ಟಿಕ್ಕನ್ನು ದಾಟಿ ನೀರಿಗೆ ಸೇರುತ್ತದೆ. ಮನೆಯಲ್ಲಿ ತುಂಬಿಸಿಟ್ಟ ನೀರನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಿ. ಹಳೆ ನೀರನ್ನು ಚೆಲ್ಲಬೇಕಿಲ್ಲ, ಗಿಡಕ್ಕೆ ಹಾಕಿ, ನೆಲ ಒರೆಸಿ. ಮೇಲಿನ ಟ್ಯಾಂಕ್ ತುಂಬಿದೆ ಅಂತ ನಂಬಿ ಕೂರಬೇಡಿ. ಕರೆಂಟ್ ಇಲ್ಲದಿದ್ದರೆ ಪಂಪು ಓಡುವುದಿಲ್ಲ, ಟ್ಯಾಂಕ್ ಒಂದು ದಿನದಲ್ಲಿ ಖಾಲಿ. ಬಿರುಗಾಳಿಯ ಮುನ್ಸೂಚನೆ ಬಂದಾಗ ಮಾತ್ರ ಬಕೆಟ್ಟು, ಪಾತ್ರೆ, ಏನಿದ್ದರೂ ತುಂಬಿಸಿಬಿಡಿ. ಅದು ಶೌಚಕ್ಕೆ, ಪಾತ್ರೆ ತೊಳೆಯಲು ಆಗುತ್ತದೆ. ಆದರೆ ನೀರು ತುಂಬಿದ ಬಕೆಟ್ಟಿಗೆ ಮುಚ್ಚಳ ಹಾಕಿ, ಇಲ್ಲವೇ ಆ ಕೋಣೆಯ ಬಾಗಿಲು ಹಾಕಿ. ತೆವಳುವ ಮಗು ಮನೆಯಲ್ಲಿದೆ. ಸಣ್ಣ ಬಕೆಟ್ ನೀರೂ ಅದಕ್ಕೆ ಅಪಾಯ.

ಇಟ್ಟ ನೀರು ಮುಗಿದು ಬೇರೆ ನೀರು ಬಳಸಬೇಕಾದರೆ ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ. ಕುದಿಸುವುದು ಎಲ್ಲಕ್ಕಿಂತ ಖಚಿತ. ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಸಮುದ್ರ ಮಟ್ಟದಿಂದ 2,000 ಮೀಟರ್‌ಗಿಂತ ಎತ್ತರದ ಊರಾದರೆ ಮೂರು ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಕುದಿಸಲು ಆಗದಿದ್ದರೆ ಮನೆ ಬಳಕೆಯ ಬ್ಲೀಚ್ ದ್ರಾವಣ ಆಗುತ್ತದೆ. ಅದರಲ್ಲಿ ಸುವಾಸನೆ, ಬಣ್ಣ, ಸೋಪು ಸೇರಿರಬಾರದು. ಸೋಡಿಯಂ ಹೈಪೋಕ್ಲೋರೈಟ್ ಪ್ರಮಾಣ ಶೇಕಡ 5ರಿಂದ 6 ಇದ್ದರೆ ಒಂದು ಲೀಟರ್ ತಿಳಿ ನೀರಿಗೆ 2 ಹನಿ. ನೀರು ಮಬ್ಬಾಗಿದ್ದರೆ 4 ಹನಿ. ಕಲಸಿ ಅರ್ಧ ಗಂಟೆ ಬಿಡಿ. ಸ್ವಲ್ಪ ಕ್ಲೋರಿನ್ ವಾಸನೆ ಉಳಿದಿರಬೇಕು. ಬ್ಲೀಚ್ ಬಾಟಲಿ ಹಳೆಯದಾದಂತೆ ಶಕ್ತಿ ಕಳೆದುಕೊಳ್ಳುತ್ತದೆ, ವರ್ಷಕ್ಕೊಮ್ಮೆ ಹೊಸದು ಇಡಿ. ಒಂದು ಎಚ್ಚರಿಕೆ: ಪೆಟ್ರೋಲು ಅಥವಾ ಕೀಟನಾಶಕ ಸೇರಿದ ನೆರೆ ನೀರನ್ನು ಕುದಿಸಿದರೂ ಬ್ಲೀಚ್ ಹಾಕಿದರೂ ಅದು ಕುಡಿಯಲು ಆಗುವುದಿಲ್ಲ. ಇವೆರಡೂ ರೋಗಾಣುವನ್ನು ಕೊಲ್ಲುತ್ತವೆ, ವಿಷವನ್ನು ತೆಗೆಯುವುದಿಲ್ಲ.

ನೀರು ಕೆಟ್ಟಾಗ ಬರುವುದು ಭೇದಿ. ಮಕ್ಕಳಿಗೆ, ವಯಸ್ಸಾದವರಿಗೆ ಅದು ಗಂಟೆಗಳಲ್ಲಿ ಅಪಾಯ ತರುತ್ತದೆ. ಓಆರ್‌ಎಸ್ ಪೊಟ್ಟಣ ಹತ್ತಾದರೂ ಇರಲಿ. ಹಗುರ, ಜಾಗ ಬೇಡ, ಜೀವ ಉಳಿಸುತ್ತದೆ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಉಪ್ಪು ಜಾಸ್ತಿಯಾದರೆ ಮಗುವಿಗೆ ಕೆಡುಕು. ಇದನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಆ ಹೊತ್ತಿನಲ್ಲಿ ನೆನಪು ಕೈಕೊಡುತ್ತದೆ.

ಶೌಚದ ವಿಷಯ ಯಾರೂ ಕೇಳುವುದಿಲ್ಲ. ನೀವೂ ಕೇಳಿಲ್ಲ. ಆದರೆ ನೀರು ನಿಂತ ಮನೆಯಲ್ಲಿ ಎರಡನೇ ದಿನಕ್ಕೆ ಎಲ್ಲಕ್ಕಿಂತ ದೊಡ್ಡ ಕಷ್ಟ ಇದೇ ಆಗುತ್ತದೆ. ಮುಚ್ಚಳ ಇರುವ ಎರಡು ಬಕೆಟ್, ದಪ್ಪ ಪ್ಲಾಸ್ಟಿಕ್ ಚೀಲಗಳು, ಮೇಲೆ ಹಾಕಲು ಬೂದಿ ಅಥವಾ ಮರದ ಹೊಟ್ಟು ಅಥವಾ ಒಣ ಮಣ್ಣು. ಒಂದು ಬಕೆಟ್ ಮೂತ್ರಕ್ಕೆ, ಒಂದು ಮಲಕ್ಕೆ. ಎರಡನ್ನೂ ಬೇರೆ ಇಟ್ಟರೆ ವಾಸನೆಯೂ ಕಡಿಮೆ, ಚೀಲವೂ ಬೇಗ ತುಂಬುವುದಿಲ್ಲ. ವಯಸ್ಸಾದವರು ಕಷ್ಟ ಕೊಡಬಾರದು ಅಂತ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಶೌಚಕ್ಕೆ ಹೋಗುವುದು ತಪ್ಪಲಿ ಅಂತ. ನಾನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅತ್ತೆಯವರಿಗೆ ಮರೆ ಇರುವ ಒಂದು ಜಾಗ, ಹಿಡಿದುಕೊಳ್ಳಲು ಒಂದು ಆಸರೆ, ಹತ್ತಿರದಲ್ಲಿ ಬೆಳಕು, ಇಷ್ಟನ್ನು ಮೊದಲೇ ಯೋಚಿಸಿಡಿ. ಸೋಪು ಮಾತ್ರ ಯಾವತ್ತೂ ಖಾಲಿಯಾಗಬಾರದು.

ಈಗ ನಿಮ್ಮ ಟಾರ್ಚ್. ಸೋರಿದ್ದು ಬಹುಶಃ ಆಲ್ಕಲೈನ್ ಸೆಲ್. ಆ ಬಿಳಿ ಪುಡಿ ಚರ್ಮಕ್ಕೆ, ಕಣ್ಣಿಗೆ ಒಳ್ಳೆಯದಲ್ಲ. ಕೈಗವಸು ಹಾಕಿ, ಹತ್ತಿಕಡ್ಡಿಯನ್ನು ವಿನಿಗರ್ ಅಥವಾ ನಿಂಬೆ ರಸದಲ್ಲಿ ಅದ್ದಿ ಒರೆಸಿ, ಚೆನ್ನಾಗಿ ಒಣಗಿಸಿ. ತಂತಿಯ ಸ್ಪ್ರಿಂಗ್ ತಿಂದುಹೋಗಿರದಿದ್ದರೆ ಟಾರ್ಚ್ ಮತ್ತೆ ಹತ್ತುತ್ತದೆ. ಇನ್ನು ಮುಂದೆ ಸೆಲ್ಲನ್ನು ಟಾರ್ಚಿನೊಳಗೆ ಇಡಬೇಡಿ. ಟಾರ್ಚಿಗೆ ರಬ್ಬರ್ ಬ್ಯಾಂಡ್ ಹಾಕಿ, ಸೆಲ್ ಪೊಟ್ಟಣವನ್ನು ಅದಕ್ಕೇ ಕಟ್ಟಿ. ಕತ್ತಲಲ್ಲಿ ಸೆಲ್ ಹಾಕುವುದನ್ನು ಒಮ್ಮೆ ಅಭ್ಯಾಸ ಮಾಡಿ. ಸಾಧ್ಯವಾದರೆ ಲಿಥಿಯಂ ಸೆಲ್ ತನ್ನಿ. ದುಬಾರಿ, ಆದರೆ ಹತ್ತು ವರ್ಷ ಇಟ್ಟರೂ ಶಕ್ತಿ ಉಳಿಯುತ್ತದೆ, ಸೋರುವುದು ತೀರಾ ಕಡಿಮೆ. ಟಾರ್ಚ್, ರೇಡಿಯೋ, ದೀಪ ಎಲ್ಲವೂ ಒಂದೇ ಅಳತೆಯ ಸೆಲ್ ಬಳಸುವ ಹಾಗೆ ನೋಡಿಕೊಳ್ಳಿ. ತಲೆಗೆ ಕಟ್ಟಿಕೊಳ್ಳುವ ದೀಪ ಒಂದಾದರೂ ಇರಲಿ. ಮಗುವನ್ನು ಎತ್ತಿಕೊಂಡವರಿಗೆ ಟಾರ್ಚ್ ಹಿಡಿಯಲು ಕೈ ಇರುವುದಿಲ್ಲ, ಅಲ್ವಾ?

ಮೇಣದ ಬತ್ತಿ ಬೇಡ. ದಣಿದವರು, ಮಕ್ಕಳು, ಕತ್ತಲೆ, ಬಟ್ಟೆ, ಬೆಂಕಿ. ಇವು ಒಟ್ಟಿಗೆ ಸೇರಬಾರದು.

ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಅಂತ ಬರೆದಿದ್ದರೂ ಫೋನಿಗೆ ಸೇರುವುದು ಸುಮಾರು 6,000 ಚಿಲ್ಲರೆ ಮಾತ್ರ. ಒಳಗಿನ ಸೆಲ್ 3.7 ವೋಲ್ಟಿನದು, ಅದನ್ನು 5 ವೋಲ್ಟಿಗೆ ಏರಿಸುವಾಗ ಲೆಕ್ಕ ಇಳಿಯುತ್ತದೆ, ಸ್ವಲ್ಪ ಶಾಖವಾಗಿಯೂ ಹೋಗುತ್ತದೆ. ಒಂದು ಫೋನನ್ನು ಒಂದು ಸಲ ಪೂರ್ತಿ, ಇನ್ನೊಂದು ಸಲ ಸ್ವಲ್ಪ ತುಂಬಿಸಬಹುದು ಅಂದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸಿಗ್ನಲ್ ಇಲ್ಲದ ಕಡೆ ಫೋನು ಗೋಪುರ ಹುಡುಕುತ್ತಲೇ ಇದ್ದು ಬೇಗ ಸತ್ತುಹೋಗುತ್ತದೆ. ಹಾಗಾಗಿ ಏರೋಪ್ಲೇನ್ ಮೋಡ್‌ಗೆ ಹಾಕಿ, ಗಂಟೆಗೊಮ್ಮೆ ತೆರೆದು ನೋಡಿ. ಕರೆ ಹೋಗದಾಗಲೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಇರುತ್ತದೆ. ದೂರದ ಊರಿನ ಒಬ್ಬ ನೆಂಟರನ್ನು ಆರಿಸಿಕೊಂಡು ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸಿ. ಆ ನಂಬರನ್ನು ಕಾಗದದಲ್ಲಿ ಬರೆದಿಡಿ. ಫೋನು ಸತ್ತರೆ ನಮಗೆ ಯಾರ ನಂಬರೂ ಬಾಯಿಗೆ ಬರುವುದಿಲ್ಲ. ಸಣ್ಣ ರೇಡಿಯೋ ಒಂದು ಇರಲಿ. ಇಂಟರ್‌ನೆಟ್ ನಿಂತ ಮೇಲೂ ಅದು ಮಾತಾಡುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಕರೆಂಟ್ ಹೋದ ಮೇಲೆ ಜನ ಸಾಯುವುದು ಬಿರುಗಾಳಿಯಿಂದ ಮಾತ್ರ ಅಲ್ಲ, ಕಾರ್ಬನ್ ಮೊನಾಕ್ಸೈಡ್‌ನಿಂದಲೂ. ಜನರೇಟರ್, ಇದ್ದಿಲು ಒಲೆ, ಕಾರಿನ ಎಂಜಿನ್, ಇವೆಲ್ಲ ಆ ಅನಿಲವನ್ನು ಬಿಡುತ್ತವೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ತಲೆ ಸುತ್ತು ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬಂದರೆ ಯೋಚಿಸುತ್ತಾ ಕೂರಬೇಡಿ, ಹೊರಗೆ ಬನ್ನಿ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಲಿ, ಕಿಟಕಿ ಬಾಗಿಲಿಗೆ ಅದರ ಹೊಗೆ ತಿರುಗದಿರಲಿ. ಮನೆಯ ಜಗುಲಿ, ಗ್ಯಾರೇಜು, ಬಾಲ್ಕನಿ ಹೊರಗಲ್ಲ. ಇದ್ದಿಲನ್ನು ಮನೆಯೊಳಗೆ ಉರಿಸಲೇಬೇಡಿ. ಕಿಟಕಿ ತೆರೆದಿದ್ದರೂ ಬೇಡ.

ಫ್ರಿಜ್ಜಿನ ಬಾಗಿಲು ಮುಚ್ಚಿಯೇ ಇದ್ದರೆ ಒಳಗಿನ ಆಹಾರ ಸುಮಾರು 4 ಗಂಟೆ ಸುರಕ್ಷಿತ. ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಟ್ಟು ಗಡ್ಡೆ ಕಟ್ಟಿಸಿ. ಬಾಟಲಿ ಪೂರ್ತಿ ತುಂಬಿಸಬೇಡಿ, ಗಡ್ಡೆಯಾಗುವಾಗ ನೀರು ಉಬ್ಬುತ್ತದೆ. ಕರೆಂಟ್ ಹೋದರೆ ಅವೇ ತಂಪು ಕಾಯುತ್ತವೆ, ಕರಗಿದ ಮೇಲೆ ಕುಡಿಯಬಹುದು. ಬಟ್ಟೆ ಸುತ್ತಿದ ಇನ್ಸುಲಿನ್ ಪಕ್ಕದಲ್ಲಿ ಇಡಲೂ ಆಗುತ್ತದೆ. ಕೆಟ್ಟಿದೆಯಾ ಅಂತ ರುಚಿ ನೋಡಿ ಪರೀಕ್ಷಿಸಬೇಡಿ. ಅನುಮಾನ ಬಂದರೆ ಎಸೆಯಿರಿ.

ತಿನ್ನುವುದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಬೇಯಿಸದೆ ತಿನ್ನಬಹುದಾದದ್ದು, ಮನೆಯವರು ದಿನವೂ ಇಷ್ಟಪಟ್ಟು ತಿನ್ನುವಂಥದ್ದು, ಬಾಯಾರಿಕೆ ಹೆಚ್ಚಿಸದಂಥದ್ದು. ಅಷ್ಟೇ. ಅತ್ತೆಯವರಿಗೆ ಆಗುವುದು ಯಾವುದು ಅಂತ ನೋಡಿಕೊಳ್ಳಿ. ಡಬ್ಬಿ ಆಹಾರ ಇಟ್ಟರೆ ಕೈಯಲ್ಲಿ ತಿರುಗಿಸುವ ಓಪನರ್ ಅದರ ಜೊತೆಗೇ ಕಟ್ಟಿಡಿ.

ಗಾಯಕ್ಕೆ ಏನು ಬೇಕು ಅಂದರೆ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ಅಂಟು ಟೇಪು, ಕತ್ತರಿ, ಕೈಗವಸು, ಪ್ಯಾರಾಸಿಟಮಾಲ್. ಮಕ್ಕಳ ಪ್ರಮಾಣ ತೂಕದ ಮೇಲೆ ಇರುತ್ತದೆ, ವೈದ್ಯರನ್ನು ಕೇಳಿ ಬರೆದಿಡಿ. ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಬೇಡಿ, ಎಳೆಗಳು ಅಂಟಿಕೊಳ್ಳುತ್ತವೆ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಹತ್ತು ನಿಮಿಷ ಬಲವಾಗಿ ಒತ್ತಿ. ನಡುವೆ ಎತ್ತಿ ನೋಡಬೇಡಿ. ಎತ್ತಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಇದಕ್ಕೆ ಪೆಟ್ಟಿಗೆ ಬೇಡ, ಕೈ ಸಾಕು. ಮನೆಯಲ್ಲಿ ಒಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿಯಿರಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಇಡುವ ಜಾಗ. ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಹಲವು ವರ್ಷದ ಹಿಂದೆ ರಾತ್ರಿ ನಮ್ಮ ಮನೆಗೆ ನೀರು ನುಗ್ಗಿತು. ಕಾಗದಪತ್ರಗಳು, ಅಮ್ಮನ ಔಷಧ ಎಲ್ಲ ಮರದ ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಮರ ನೀರು ಕುಡಿದು ಉಬ್ಬಿತ್ತು. ಖಾನೆ ತೆರೆಯಲೇ ಇಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ನಾನು ಅದನ್ನು ಎಳೆಯುತ್ತಲೇ ಇದ್ದೆ, ಅಮ್ಮ ಮಂಚದ ಮೇಲೆ ಕೂತು ಬಿಡು ಬಿಡು ಅನ್ನುತ್ತಿದ್ದರು. ಆ ಔಷಧವನ್ನು ಬಿಟ್ಟೇ ಹೊರಡಬೇಕಾಯಿತು. ಆ ರಾತ್ರಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹಾಗಾಗಿ ನೆಲಮಟ್ಟದ ಖಾನೆ ಬೇಡ. ಅಟ್ಟವೂ ಬೇಡ, ಏಣಿ ಹಾಕಿ ಹತ್ತುವ ಹೊತ್ತು ಇರುವುದಿಲ್ಲ, ಅತ್ತೆಯವರಂತೂ ಹತ್ತಲಾರರು. ನೆರೆಯ ಭಯ ಇರುವ ಕಡೆ ಎದೆ ಎತ್ತರದ ಗಟ್ಟಿ ಕಪಾಟು ಸರಿ. ಭೂಕಂಪದ ಭಯ ಇರುವ ಕಡೆ ಮೇಲಿಟ್ಟದ್ದು ತಲೆ ಮೇಲೆ ಬೀಳುತ್ತದೆ, ಅಲ್ಲಿ ಕೆಳಗೆ, ಹೊರಬಾಗಿಲ ಹತ್ತಿರ ಇಡಬೇಕು. ಎರಡೂ ಭಯ ಇದ್ದರೆ ಎರಡು ಕಡೆ ಹಂಚಿಡಿ. ನಿಮ್ಮ ಊರಿನಲ್ಲಿ ಹಿಂದೆ ಏನೇನು ಆಗಿದೆ ಅಂತ ಹಿರಿಯರನ್ನು ಕೇಳಿದರೆ ಯಾವುದಕ್ಕೆ ತಯಾರಾಗಬೇಕು ಅಂತ ಗೊತ್ತಾಗುತ್ತದೆ.

ಮನೆಯಲ್ಲೇ ಉಳಿಯಲು ಇಡುವ ಸಾಮಾನು ಬೇರೆ, ಎತ್ತಿಕೊಂಡು ಓಡುವ ಚೀಲ ಬೇರೆ. ಚೀಲವನ್ನು ಬೆನ್ನಿಗೆ ಹಾಕುವಂಥದ್ದೇ ಮಾಡಿ. ಅದರಲ್ಲಿ ಒಂದು ದಿನದ ನೀರು, ಔಷಧದ ಡಬ್ಬಿ, ಮಗುವಿನ ಸಾಮಾನು, ಒಂದು ಜೊತೆ ಬಟ್ಟೆ, ಟಾರ್ಚ್, ಸಣ್ಣ ನೋಟುಗಳು ಇರಲಿ. ಕರೆಂಟ್ ಇಲ್ಲದಾಗ ಕಾರ್ಡ್ ಯಂತ್ರ ಓಡುವುದಿಲ್ಲ, ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದಿಲ್ಲ. ಗುರುತಿನ ಪತ್ರ, ಆಸ್ತಿ ಪತ್ರ, ವಿಮೆ ಪತ್ರಗಳ ನಕಲುಗಳನ್ನು ನೀರು ಹೋಗದ ಜಿಪ್ ಚೀಲದಲ್ಲಿ ಹಾಕಿ. ಇಡೀ ಕುಟುಂಬದ ಇತ್ತೀಚಿನ ಫೋಟೋ ಒಂದನ್ನು ಅಚ್ಚು ಹಾಕಿಸಿ ಇಡಿ. ಮಗಳು ಜನಸಂದಣಿಯಲ್ಲಿ ಕೈತಪ್ಪಿದರೆ ತೋರಿಸಿ ಕೇಳಲು, ಸಿಕ್ಕ ಮೇಲೆ ಇವಳು ನಮ್ಮವಳು ಅಂತ ತೋರಿಸಲು ಬೇಕಾಗುತ್ತದೆ. ಅವಳಿಗೂ ಒಂದು ಪುಟ್ಟ ಚೀಲ ಕೊಡಿ. ಅದರಲ್ಲಿ ನಿಮ್ಮ ನಂಬರಿನ ಚೀಟಿ ಮತ್ತು ಅವಳಿಗೆ ಇಷ್ಟವಾದ ಒಂದು ಆಟಿಕೆ ಇರಲಿ. ಚೀಲ ಹೊತ್ತು ಇಪ್ಪತ್ತು ನಿಮಿಷ ನಡೆದು ನೋಡಿ, ಒಮ್ಮೆ ಮೆಟ್ಟಿಲು ಇಳಿದು ನೋಡಿ. ಮಗುವನ್ನೂ ಎತ್ತಿಕೊಂಡೇ ನಡೆಯಿರಿ. ಆಗ ಏನು ಬಿಡಬೇಕು ಅಂತ ತಾನಾಗೇ ತಿಳಿಯುತ್ತದೆ.

ಹಾಸಿಗೆಯ ಪಕ್ಕ ಎಲ್ಲರಿಗೂ ಒಂದು ಜೊತೆ ಗಟ್ಟಿ ಚಪ್ಪಲಿ ಅಥವಾ ಬೂಟು, ಒಂದು ಟಾರ್ಚ್, ಒಂದು ಸೀಟಿ ಇರಲಿ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಮಿ ನಡುಗಿದ್ದು ಬೆಳಗಿನ ಜಾವ 5:46ಕ್ಕೆ. ಹೆಚ್ಚಿನವರು ಹಾಸಿಗೆಯಲ್ಲಿದ್ದರು. ಅಂಥ ಹೊತ್ತಿನಲ್ಲಿ ನೆಲದ ತುಂಬ ಗಾಜು ಚೂರಾಗಿ ಬಿದ್ದಿರುತ್ತದೆ, ಬರಿಗಾಲಲ್ಲಿ ಬಾಗಿಲಿನವರೆಗೂ ಹೋಗಲಾಗುವುದಿಲ್ಲ. ಕುಸಿದ ಮನೆಗಳಲ್ಲಿ ಸಿಕ್ಕಿಕೊಂಡವರಲ್ಲಿ ಬಹುಪಾಲು ಜನರನ್ನು ಅಲ್ಲಿ ಹೊರಗೆಳೆದದ್ದು ಮನೆಯವರು, ಅಕ್ಕಪಕ್ಕದವರು. ಸೀಟಿ ಬೇಕಾಗುವುದು ಇದಕ್ಕೇ. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ದೂಳು ಒಳಗೆ ಹೋಗುತ್ತದೆ. ಮೂರು ಸಲ ಸೀಟಿ ಊದಿ ನಿಲ್ಲಿಸುವುದು ಸಹಾಯ ಬೇಕು ಅನ್ನುವ ಗುರುತು. ಪಕ್ಕದ ಮನೆಯವರಿಗೆ ನಿಮ್ಮ ಅತ್ತೆಯವರ ವಿಷಯ ಗೊತ್ತಿದೆಯಾ? ಅವರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಏನು ಔಷಧ ಬೇಕು ಅಂತ ಒಂದು ಮಾತು ಹೇಳಿಡಿ. ಅವರ ಮನೆಯಲ್ಲಿ ಅಂಥವರು ಯಾರಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ಗ್ಯಾಸ್, ನೀರು, ಕರೆಂಟು ಮೂರನ್ನೂ ಎಲ್ಲಿ ನಿಲ್ಲಿಸಬೇಕು ಅಂತ ಮನೆಯ ದೊಡ್ಡವರೆಲ್ಲರಿಗೂ ಗೊತ್ತಿರಬೇಕು. ಗಂಡನಿಗೆ ಮಾತ್ರ ಗೊತ್ತಿದ್ದರೆ ಸಾಲದು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ಸಣ್ಣ ಕಿಡಿ ಸಾಕು. ಕಿಟಕಿ ತೆರೆದು ಹೊರಗೆ ನಡೆಯಿರಿ. ನೀರಿನಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ. ಹೊರಡಬೇಕಾಗಿ ಬಂದಾಗ ಹರಿಯುವ ನೀರಿನ ಬಗ್ಗೆ ಇದು ನೆನಪಿರಲಿ: ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರನ್ನೂ ಬೀಳಿಸಬಲ್ಲದು. 60 ಸೆಂಟಿಮೀಟರ್ ನೀರು ಹೆಚ್ಚಿನ ವಾಹನಗಳನ್ನು ಹೊತ್ತೊಯ್ಯುತ್ತದೆ. ನೀರು ಬರುವ ಮೊದಲೇ ಹೊರಡಿ, ದಾಟಿ ಹೋಗುವ ಸಾಹಸ ಬೇಡ.

ಎಲ್ಲ ಜೋಡಿಸಿದ ಮೇಲೆ ಒಂದು ಸಂಜೆ ಮೇನ್ ಸ್ವಿಚ್ ಆರಿಸಿಬಿಡಿ. ನಲ್ಲಿಯನ್ನೂ ಮುಟ್ಟಬೇಡಿ. ಮಾರನೇ ಬೆಳಗಿನ ತನಕ ಇಟ್ಟ ಸಾಮಾನಿನಲ್ಲೇ ಕಳೆಯಿರಿ. ಇನ್ಸುಲಿನ್‌ಗೆ ಮಾತ್ರ ಫ್ರಿಜ್ಜಿನ ಬಾಗಿಲು ತೆರೆಯದೆ ಬೇರೆ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಟಾರ್ಚ್ ಯಾವ ಕಪಾಟಿನಲ್ಲಿದೆ ಅಂತ ಹುಡುಕುವುದು, ಡಯಾಪರ್ ಚಿಕ್ಕದಾಗಿರುವುದು, ರೇಡಿಯೋದಲ್ಲಿ ಯಾವ ಕೇಂದ್ರವೂ ಹಿಡಿಯದಿರುವುದು, ಎಲ್ಲ ಆ ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ. ನಾನು ಬರೆದುಕೊಡುವ ಯಾವ ಪಟ್ಟಿಗಿಂತಲೂ ಅದು ಚೆನ್ನಾಗಿ ಕಲಿಸುತ್ತದೆ. ಮಗಳಿಗೆ ಇದೊಂದು ಆಟದ ಹಾಗೆ ಇರಲಿ. ಅವಳು ಆಮೇಲೆ ಹೆದರುವುದಿಲ್ಲ. ವರ್ಷಕ್ಕೆ ಎರಡು ಸಲ, ಇಬ್ಬರು ಮಕ್ಕಳ ಹುಟ್ಟುಹಬ್ಬ ದೂರದೂರ ಬಂದರೆ ಆ ವಾರಗಳಲ್ಲೇ ಇದನ್ನು ಮಾಡಬಹುದು. ಮಗು ಎಷ್ಟು ಬೆಳೆದಿದೆ, ಬಟ್ಟೆ ಯಾವ ಅಳತೆ, ಏನು ತಿನ್ನುತ್ತದೆ ಅಂತ ಆಗ ಹೇಗೂ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯ ಹೊರಗೆ ಒಂದು ಕಾಗದ ಅಂಟಿಸಿ, ಒಳಗಿರುವುದರಲ್ಲಿ ಮೊದಲು ಅವಧಿ ಮುಗಿಯುವುದು ಯಾವುದು, ಯಾವ ತಿಂಗಳು ಅಂತ ದೊಡ್ಡದಾಗಿ ಬರೆಯಿರಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದಿರಿ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ, ಹಣವೂ ಸಾಲದು, ಮನಸ್ಸೂ ಸಾಲದು. ಈ ವಾರ ಔಷಧ ಮತ್ತು ನೀರು. ಮುಂದಿನ ವಾರ ಬೆಳಕು ಮತ್ತು ಶೌಚದ ಏರ್ಪಾಡು. ಉಳಿದದ್ದು ತಿಂಗಳೊಳಗೆ. ಇವತ್ತು ರಾತ್ರಿ ಊಟ ಆದ ಮೇಲೆ ಅತ್ತೆಯವರ ಪಕ್ಕ ಕೂತುಕೊಳ್ಳಿ. ಇನ್ಸುಲಿನ್ ಎಷ್ಟು ದಿನಕ್ಕೆ ಇದೆ, ಸೂಜಿ ಎಷ್ಟು, ಸ್ಟ್ರಿಪ್ ಎಷ್ಟು ಅಂತ ಇಬ್ಬರೂ ಸೇರಿ ಎಣಿಸಿ.